ಎಕ್ಸಿಕ್ಯೂಟಬಲ್ ಫೈಲಿಗೆ ಬೋರ್ಡ್ ಮೇಲೆ ಬರೆಯೋಕೆ ಪದ ಬೇಕು, ನಾಳೆ ಸಂಜೆಯೊಳಗೆ

ದಾವಣಗೆರೆಯಿಂದ ಬರೀತಿದೀನಿ. ನಮ್ಮ ಕಾಲೇಜಿನ ಒಂದು ರೂಮಲ್ಲಿ ಹಳೇ ಕಂಪ್ಯೂಟರ್ ಜೋಡಿಸ್ತಿದೀವಿ, 8088 ಚಿಪ್ಪಿನ ಪಿಸಿ, ಐದೂಕಾಲು ಇಂಚಿನ ಫ್ಲಾಪಿ ಎಲ್ಲ. ಬೋರ್ಡ್ ಬರೆಯೋನು ಎಕ್ಸಿಕ್ಯೂಟಬಲ್ ಫೈಲಿಗೆ, ಅಂದ್ರೆ ಕಂಪ್ಯೂಟರ್ ನೇರ ಓಡಿಸೋ ಪ್ರೋಗ್ರಾಮ್ ಫೈಲಿಗೆ, ಪದ ಕೇಳ್ತಿದಾನೆ. "ಕಾರ್ಯಗತಗೊಳಿಸಬಹುದಾದ ಕಡತ" ಅಂದ್ರೆ ಅರ್ಧ ಬೋರ್ಡು ಅದಕ್ಕೇ ಹೋಗ್ತತಿ, ಹುಡುಗ್ರಿಗೆ ತಿಳಿಯೋದೂ ಇಲ್ಲ. ನಂಗೆ ತೋಚಿದ್ದು ಓಡುಕಡತ.

ನಾವು ಆಗಿನ ಆಪರೇಟಿಂಗ್ ಸಿಸ್ಟಮ್ ಡಾಸ್‌ನಲ್ಲಿ ಡೀಬಗ್ ಅನ್ನೋ ಪ್ರೋಗ್ರಾಮ್ ತೆಗೆದು ನಾಲ್ಕೇ ಸಾಲಿನ ಕೋಡ್ ಟೈಪ್ ಮಾಡಿ ಎಂಟು ಬೈಟಿನ ಕಾಮ್ (.COM) ಫೈಲ್ ಮಾಡ್ತಿದ್ವಿ, ಬಿ4 02 ಬಿ2 41 ಸಿಡಿ 21 ಸಿಡಿ 20, ಹೆಸರು ಹೊಡೆದು ಎಂಟರ್ ಒತ್ತಿದ್ರೆ ಸ್ಕ್ರೀನ್ ಮೇಲೆ ಒಂದು ಇಂಗ್ಲಿಷ್ ಎ ಬರೋದು, ಅಷ್ಟೇ, ಆ ಖುಷಿ ಇನ್ನೂ ಮರೆತಿಲ್ಲ. ಅದಕ್ಕೆ ಹೆಡರ್ ಗಿಡರ್ ಅಂತ ಮೊದಲಲ್ಲಿ ವಿವರ ಏನೂ ಇಲ್ಲ, ಡಾಸಿಗಿಂತ ಹಿಂದಿನ ಸಿಪಿ/ಎಂ ಸಿಸ್ಟಮ್ ಕಾಲದಿಂದ ಬಂದ ಪದ್ಧತಿ, ಮೆಮೊರಿಯಲ್ಲಿ ಹೆಕ್ಸ್ (ಹದಿನಾರರ ಲೆಕ್ಕದ) 100ನೇ ಜಾಗಕ್ಕೆ ಹಂಗೇ ಸುರಿದು ಮೊದಲನೇ ಬೈಟಿಂದ ಓಡಿಸೋದು. ಇಎಕ್ಸ್‌ಇ (.EXE) ಅನ್ನೋ ಇನ್ನೊಂದು ಬಗೆ ಫೈಲು ಬೇರೆ ಥರ. ಶುರುವಲ್ಲೇ ಎಂ, ಜೆಡ್ ಅಂತ ಎರಡಕ್ಷರ, ಆ ಫೈಲ್ ರೂಪ ಮಾಡಿದ ಮೈಕ್ರೋಸಾಫ್ಟಿನ ಮಾರ್ಕ್ ಜ್ಬಿಕೋವ್‌ಸ್ಕಿ ಹೆಸರಿಂದು, ಆಮೇಲೆ ಮೆಮೊರಿಯಲ್ಲಿ ಎಲ್ಲಿ ಕೂರ್ತದೋ ಅದಕ್ಕೆ ತಕ್ಕಂಗೆ ವಿಳಾಸ ತಿದ್ದೋ ಪಟ್ಟಿ, ಹಂಗಾಗಿ 64 ಕೆಬಿ ಮೀರಿದ ಪ್ರೋಗ್ರಾಮೂ ನಡೀತಿತ್ತು. ಎರಡಕ್ಕೂ ಸಲ್ಲೋ ಒಂದೇ ಪದ ಬೇಕು.

ಉತ್ತರ:
ಸಂಧಿ ತಪ್ಪು. ಮಳೆಗಾಲ ಅಂತೀರಿ, ಮಳೆಕಾಲ ಅಂತೀರಾ? ಓಡುಗಡತ ಆಗ್ಬೇಕು. ಅದಿರ್ಲಿ, ಕಡತ ಅನ್ನೋದೇ ಇಲ್ಲಿ ಸಲ್ಲದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ ಮಡಿಚಿ, ಬಳಪದಲ್ಲಿ ಲೆಕ್ಕ ಬರೀತಿದ್ರಲ್ಲ, ಅದು ಕಡತ. ಬರೆದು ಓದೋ ವಸ್ತು. ನಿಮ್ಮ ಎಂಟು ಬೈಟನ್ನ ಯಾರು ಓದ್ತಾರೆ? ನಡೆಸೋಲೆ ಅನ್ನಿ.

ಉತ್ತರ:
ಓಲೆ ಮೇಲೂ ಬರೆಯೋದೇ ಅಲ್ವಾ ಸಾರ್. ಬಟ್ಟೆ ಹೋಗಿ ಕಾಗದ ಬಂತು, ತಾಲ್ಲೂಕಾಫೀಸಲ್ಲಿ ಈಗ್ಲೂ ಕಡತಾನೇ. ಇಷ್ಟೆಲ್ಲ ಯಾಕೆ, ಓಡೋ ಫೈಲು ಅಂತ ಬರೀರಿ. ದಾವಣಗೆರೆಯಲ್ಲಿ ಕಾಟನ್ ಮಿಲ್ ಇದ್ದಾಗ "ಮಿಲ್ ಓಡ್ತೈತಿ" ಅಂತಿದ್ರು, ಮಿಲ್ಲಿಗೆ ಕನ್ನಡ ಪದ ಯಾರೂ ಕೇಳ್ಲಿಲ್ಲ.

ಉತ್ತರ:
ಕೇಳದೇ ಇದ್ದಿದ್ದಕ್ಕೇ ಈ ಗತಿ. ಸಂಸ್ಕೃತ ಭಾರ ಅಂತ ಇಳಿಸಿ ಇಂಗ್ಲಿಷ್ ಹೊರೋದು ಯಾವ ನ್ಯಾಯ? ಓಡು ಅಂದ್ರೆ ಮಡಕೆ ಚೂರು ಅಂತಾನೂ ಅರ್ಥ ಐತೆ, ನೋಡ್ಕೊಳ್ಳಿ.

ಉತ್ತರ:
ಕೇಳಿದವನು ನಾನೇ. ಕಂಪ್ಯೂಟರ್ ಪಕ್ಕ ನಿಂತು ಓದೋರಿಗೆ ಮಡಕೆ ನೆನಪಾಗಲ್ಲ ಸಾರ್. ಗಡತ ಅಂದ್ರೆ ಏನು ಅಂತ ಮಾತ್ರ ಕೇಳೇ ಕೇಳ್ತಾರೆ, ಅದಕ್ಕೆ ಸಂಧಿ ಬಿಟ್ಟೆ. ದೊಡ್ಡಕ್ಷರದಲ್ಲಿ ಓಡುಕಡತ, ಕೆಳಗೆ ಸಣ್ಣದಾಗಿ ಎಕ್ಸಿಕ್ಯೂಟಬಲ್ ಫೈಲ್. ಬೋರ್ಡಿನವನಿಗೆ ಹೇಳಿಬಿಟ್ಟೆ.