ಅಪ್‌ಡೇಟ್: ಒಂದೇ ಮೈದಾನ, ಹಲವು ತಂಡಗಳ ವೇಳಾಪಟ್ಟಿ

ವಿಜಯಪುರದ ನಮ್ಮ ಪ್ರೌಢಶಾಲೆಗಿರುವ ಒಂದೇ ಮೈದಾನದಲ್ಲಿ ಖೋ-ಖೋ, ಕಬಡ್ಡಿ ಹಾಗೂ ಸ್ಕೌಟ್ಸ್ ಕವಾಯತಿನ ಸಮಯಗಳು ಪರಸ್ಪರ ಡಿಕ್ಕಿಯಾಗದಂತೆ ನೋಡಿಕೊಳ್ಳಲು ಯಾವ ತಂತ್ರಾಂಶ ಸೂಕ್ತವೆಂದು ಹಿಂದೆ ಕೇಳಿದ್ದೆ. ಹಲವರು ಸೂಚಿಸಿದ ಗೂಗಲ್ ಕ್ಯಾಲೆಂಡರನ್ನೇ ಆರಿಸಿಕೊಂಡೆವು. ತಂಡಕ್ಕೊಂದು ಕ್ಯಾಲೆಂಡರ್ ಮಾಡುವುದಕ್ಕಿಂತ, ಶಾಲೆಯ ಗೂಗಲ್ ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆ ಗೂಗಲ್ ಕೊಡುವ ಸೇವೆ) ಖಾತೆಯಲ್ಲಿ ಮೈದಾನವನ್ನೇ ಒಂದು ಸಂಪನ್ಮೂಲವಾಗಿ, ಅಂದರೆ ಸಮಯ ಕಾಯ್ದಿರಿಸಬಹುದಾದ ಜಾಗವಾಗಿ, ನಮೂದಿಸಿದ್ದು ಹೆಚ್ಚು ಉಪಯೋಗಕ್ಕೆ ಬಂದಿದೆ. ಕಬಡ್ಡಿಗೆ ಕೊಟ್ಟ ಸಂಜೆ 4.30ರ ಅವಧಿಯನ್ನು ಮತ್ತೊಬ್ಬ ಶಿಕ್ಷಕರು ಕೇಳಿದರೆ ಕ್ಯಾಲೆಂಡರ್ ತಾನಾಗಿಯೇ ನಿರಾಕರಿಸುವುದರಿಂದ, ಸ್ಟಾಫ್ ರೂಮಿನ ವಾಗ್ವಾದ ಬಹುಮಟ್ಟಿಗೆ ನಿಂತಿದೆ. ಪಾಲಕರಿಗೆ ನೋಡುವ ಅನುಮತಿಯಷ್ಟೇ ಇದೆ. ಅವರಲ್ಲಿ ಹೆಚ್ಚಿನವರು ಕ್ಯಾಲೆಂಡರನ್ನು ತೆರೆಯುವುದೇ ಇಲ್ಲವಾದ್ದರಿಂದ, ದೈಹಿಕ ಶಿಕ್ಷಕರು ವಾರದ ಪಟ್ಟಿಯ ಸ್ಕ್ರೀನ್‌ಶಾಟನ್ನು ಭಾನುವಾರ ರಾತ್ರಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ತಾಲ್ಲೂಕು ಮಟ್ಟದ ಕ್ರೀಡಾಕೂಟದ ದಿನಾಂಕ ತಡವಾಗಿ ತಿಳಿದಾಗ ಮಾತ್ರ ಇಡೀ ವಾರದ ಪಟ್ಟಿಯನ್ನು ಈಗಲೂ ನಾವೇ ಕುಳಿತು ಬದಲಿಸಬೇಕಾಗುತ್ತದೆ.