ಗೇಮ್ ಸರ್ವರ್‌ಗಳ ನಿಗಾ ಮತ್ತು ಲಾಗ್ ನಿರ್ವಹಣೆಗೆ ಕಡಿಮೆ ಖರ್ಚಿನ ವ್ಯವಸ್ಥೆ ಯಾವುದು?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಮತ್ತು ಒಂದು ಕೌಂಟರ್-ಸ್ಟ್ರೈಕ್ 2 ಸರ್ವರ್ ನಡೆಸುತ್ತಿದ್ದೇನೆ. ಎರಡೂ ಮುಂಬೈನಲ್ಲಿರುವ ಒಂದೇ ಬಾಡಿಗೆ ವಿಪಿಎಸ್‌ನಲ್ಲಿ (ದೊಡ್ಡ ಯಂತ್ರವೊಂದರ ಪಾಲಾಗಿ ಸಿಗುವ ವರ್ಚುವಲ್ ಸರ್ವರ್), ಡಾಕರ್ ಕಂಟೇನರ್‌ಗಳಾಗಿ, ಅಂದರೆ ಬೇರೆಬೇರೆ ಪೆಟ್ಟಿಗೆಗಳಲ್ಲಿಟ್ಟಂತೆ, ಓಡುತ್ತವೆ. ಯಂತ್ರಕ್ಕೆ 4 ಕೋರ್ ಹಾಗೂ 8 ಜಿಬಿ ಮೆಮೊರಿ ಇದೆ. ಆಡುವವರು ಹೆಚ್ಚಾಗಿ ಇಲ್ಲಿಯ ಮತ್ತು ಇಂಡಿ, ಸಿಂದಗಿ, ಜಮಖಂಡಿ ಕಡೆಯ ವಿದ್ಯಾರ್ಥಿಗಳು. ಬಾಡಿಗೆಯನ್ನು ಕೆಲವರು ಸೇರಿ ಹಂಚಿಕೊಳ್ಳುತ್ತೇವೆ.

ತೊಂದರೆಗಳು ಮೂರು. ರಾತ್ರಿ 9ರ ನಂತರ ಆಟ ತಡೆತಡೆದು ಸಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಂತ್ರವನ್ನು ಬಾಡಿಗೆಗೆ ಕೊಟ್ಟವರ ಪ್ಯಾನೆಲ್‌ನಲ್ಲಿ ಸಿಪಿಯು ಬಳಕೆ ಶೇ. 30ರ ಆಸುಪಾಸಿನಲ್ಲೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಮೈನ್‌ಕ್ರಾಫ್ಟ್ ತಾನಾಗಿಯೇ ನಿಂತುಹೋಗುತ್ತದೆ, ಅದರ ಲಾಗ್‌ನಲ್ಲಿ (ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಕಡತದಲ್ಲಿ) ಕಾರಣದ ಸುಳಿವೂ ಇರುವುದಿಲ್ಲ. ಇದರ ಜೊತೆಗೆ ಡಿಸ್ಕ್ ತುಂಬುತ್ತಾ ಹೋಗುತ್ತಿದೆ. ಯಂತ್ರಕ್ಕಿಷ್ಟು, ಲಾಗ್‌ನ ಜಿಬಿಗಿಷ್ಟು ಎಂದು ಡಾಲರ್‌ನಲ್ಲಿ ದರ ಹೇಳುವ ಸೇವೆಗಳು ನಮಗೆ ನಿಲುಕುವುದಿಲ್ಲ. ತಿಂಗಳಿಗೆ ಮುನ್ನೂರು, ನಾನ್ನೂರು ರೂಪಾಯಿಯೊಳಗೆ ಏನು ಮಾಡಬಹುದು?

ಉತ್ತರ 1 (ಬೆಳಗಾವಿಯಿಂದ)

ನಮಸ್ಕಾರ ಸರ್. ಮೊದಲನೆಯ ತೊಂದರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ಸಾಧನವನ್ನು ಹಾಕಿಕೊಳ್ಳಬೇಕು ಎನ್ನುವುದಕ್ಕಿಂತ ಯಾವುದನ್ನು ಅಳೆಯಬೇಕು ಎನ್ನುವುದು ಇಲ್ಲಿ ದೊಡ್ಡದು.

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್‌ಗಳನ್ನು (ಆಟದ ಲೋಕವನ್ನು ಒಂದೊಂದು ಹೆಜ್ಜೆ ಮುಂದೆ ಸಾಗಿಸುವ ಸುತ್ತುಗಳನ್ನು) ಮುಗಿಸಬೇಕು, ಅಂದರೆ ಪ್ರತಿ ಟಿಕ್‌ಗೆ ಸಿಗುವುದು 50 ಮಿಲಿಸೆಕೆಂಡ್. ಟಿಕ್‌ನ ಕೆಲಸದ ಬಹುಪಾಲು ಒಂದೇ ಮುಖ್ಯ ಥ್ರೆಡ್‌ನಲ್ಲಿ (ಒಂದು ಸಲಕ್ಕೆ ಒಂದೇ ಕೋರ್ ಬಳಸುವ ಕೆಲಸದ ಎಳೆಯಲ್ಲಿ) ನಡೆಯುವುದರಿಂದ, ಆ ಥ್ರೆಡ್ ಒಂದು ಕೋರನ್ನು ಪೂರ್ತಿ ತಿಂದುಹಾಕಿದರೂ 4 ಕೋರ್‌ಗಳ ಸರಾಸರಿಯಲ್ಲಿ ಅದು ಶೇ. 25 ಎಂದಷ್ಟೇ ಕಾಣುತ್ತದೆ. ನಿಮ್ಮ ಪ್ಯಾನೆಲ್ ತೋರಿಸುವ ಶೇ. 30ರೊಳಗೆ ಉಸಿರುಗಟ್ಟಿದ ಒಂದು ಕೋರ್ ಅಡಗಿರಬಹುದು. ಹೀಗಾಗಿ ಪ್ರತಿ ಟಿಕ್‌ಗೆ ತಗಲುವ ಸಮಯವನ್ನು, ಎಂದರೆ ಎಂಎಸ್‌ಪಿಟಿಯನ್ನು, ದಾಖಲಿಸಿ. ಅದು 50 ದಾಟಿದ ಕ್ಷಣದಿಂದ ಟಿಪಿಎಸ್ (ಸೆಕೆಂಡಿಗೆ ಮುಗಿಯುವ ಟಿಕ್‌ಗಳ ಸಂಖ್ಯೆ) ಇಳಿಯತೊಡಗುತ್ತದೆ. ಪೇಪರ್ ಎಂಬ ಮೈನ್‌ಕ್ರಾಫ್ಟ್ ಸರ್ವರ್ ತಂತ್ರಾಂಶದಲ್ಲಿ 1.21ರಿಂದ ಸ್ಪಾರ್ಕ್ ಎಂಬ ಪ್ರೊಫೈಲರ್ ಜೊತೆಯಲ್ಲೇ ಬರುತ್ತದೆ, ಹಿಂದಿನ ಆವೃತ್ತಿಗಳಿಗೆ ಪ್ಲಗಿನ್ ಆಗಿ ಸಿಗುತ್ತದೆ. ಯಾವ ಪ್ಲಗಿನ್, ಯಾವ ಪ್ರಾಣಿಗಳ ಗುಂಪು ಸಮಯ ನುಂಗುತ್ತಿದೆ ಎಂಬುದನ್ನು ರಾತ್ರಿ 9ರ ಹೊತ್ತಿಗೇ ಅದರಲ್ಲಿ ನೋಡಿ, ಬೆಳಿಗ್ಗೆ ನೋಡಿದರೆ ಏನೂ ಸಿಗದು. ಲಾಗ್‌ನಲ್ಲಿ ಬರುವ ‘ಕಾಂಟ್ ಕೀಪ್ ಅಪ್’ ಎಚ್ಚರಿಕೆಯೊಂದನ್ನೇ ನಂಬಿ ಕೂರಬೇಡಿ. ಸರ್ವರ್ ಸುಮಾರು 2 ಸೆಕೆಂಡ್ ಹಿಂದೆ ಬಿದ್ದ ಮೇಲಷ್ಟೇ ಅದು ಬರುತ್ತದೆ, ಅರ್ಧ ಸೆಕೆಂಡಿನ ತಡೆ ಅಲ್ಲಿ ಕಾಣಿಸುವುದೇ ಇಲ್ಲ.

ಇನ್ನೊಂದು ಮಾತು: ಲಿನಕ್ಸ್‌ನ ಟಾಪ್ ಆದೇಶದಲ್ಲಿ ‘ಎಸ್‌ಟಿ’ ಎಂಬ ಅಂಕಿಯನ್ನೂ ಗಮನಿಸಿ. ನಿಮ್ಮ ಪಾಲಿನ ಸಿಪಿಯು ಸಮಯವನ್ನು ಅದೇ ಭೌತಿಕ ಯಂತ್ರದಲ್ಲಿರುವ ಬೇರೆ ಗ್ರಾಹಕರು ಬಳಸುತ್ತಿದ್ದರೆ ಅದು ಏರುತ್ತದೆ. ರಾತ್ರಿ ಹೊತ್ತು ಮಾತ್ರ ಅದು ಏರುವುದು ಗ್ರಾಫ್‌ನಲ್ಲಿ ಕಂಡರೆ, ಪ್ಲಗಿನ್‌ಗಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಬಾಡಿಗೆಯ ಯೋಜನೆಯನ್ನೋ ಯಂತ್ರ ಕೊಟ್ಟ ಸಂಸ್ಥೆಯನ್ನೋ ಬದಲಿಸಬೇಕಾಗುತ್ತದೆ.

ಇದಕ್ಕೆ ಅಂಕಿಗಳನ್ನು ಕಾಲಕಾಲಕ್ಕೆ ಓದಿ ಉಳಿಸುವ ಪ್ರೊಮಿಥಿಯಸ್, ಯಂತ್ರದ ಅಂಕಿಗಳನ್ನು ಅದಕ್ಕೆ ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಮತ್ತು ಅವನ್ನು ಗ್ರಾಫ್ ಆಗಿ ತೋರಿಸುವ ಗ್ರಫಾನಾ ಸಾಕು, ಮೂರೂ ಮುಕ್ತ ತಂತ್ರಾಂಶಗಳು. ಮೈನ್‌ಕ್ರಾಫ್ಟ್‌ನ ಅಂಕಿಗಳನ್ನು ಪ್ರೊಮಿಥಿಯಸ್‌ಗೆ ಒದಗಿಸುವ ಪ್ಲಗಿನ್ ಕೂಡ ಉಚಿತವಾಗಿ ಸಿಗುತ್ತದೆ. ಜಾಗದ ಚಿಂತೆ ಬೇಡ. ಪ್ರೊಮಿಥಿಯಸ್ ಪ್ರತಿ ಮಾದರಿಗೆ (ಒಂದು ಸಲದ ಅಳತೆಗೆ) ಸರಾಸರಿ 1ರಿಂದ 2 ಬೈಟ್ ಬಳಸುತ್ತದೆ. 1,000 ಸರಣಿಗಳನ್ನು (ಅಳೆಯುವ ಬೇರೆಬೇರೆ ಅಂಕಿಗಳನ್ನು) 15 ಸೆಕೆಂಡಿಗೊಮ್ಮೆ ಓದಿದರೂ ದಿನಕ್ಕೆ 12 ಎಂಬಿ ದಾಟುವುದಿಲ್ಲ, ಮತ್ತು ಅದು ತಾನಾಗಿ 15 ದಿನಗಳಷ್ಟನ್ನೇ ಉಳಿಸಿಕೊಳ್ಳುತ್ತದೆ.

ಉತ್ತರ 2 (ಬಾಗಲಕೋಟೆಯಿಂದ)

ಸರ್ವರ್ ಸದ್ದಿಲ್ಲದೆ ನಿಲ್ಲುವುದಕ್ಕೆ ಬಹುಮಟ್ಟಿಗೆ ಮೆಮೊರಿಯೇ ಕಾರಣವಿರಬೇಕು. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನೆಲ್ ದೊಡ್ಡ ಪ್ರಕ್ರಿಯೆಯೊಂದನ್ನು ಆರಿಸಿ ಕೊಂದುಬಿಡುತ್ತದೆ, ಸಾಯುವ ಪ್ರಕ್ರಿಯೆಗೆ ಕೊನೆಯ ಸಾಲು ಬರೆಯಲೂ ಅವಕಾಶ ಸಿಗುವುದಿಲ್ಲ. ಸಾಕ್ಷಿ ಇರುವುದು ಕರ್ನೆಲ್‌ನ ಲಾಗ್‌ನಲ್ಲಿ. ಜರ್ನಲ್‌ಸಿಟಿಎಲ್ ಆದೇಶಕ್ಕೆ ‘-ಕೆ’ ಆಯ್ಕೆ ಸೇರಿಸಿ, ‘ಔಟ್ ಆಫ್ ಮೆಮೊರಿ’ ಎಂಬ ಸಾಲನ್ನು ಹುಡುಕಿ. ಅದು ಸಿಕ್ಕರೆ ಜಾವಾದ ಹೀಪ್ (ಜಾವಾಗೆ ಮೀಸಲಿಟ್ಟ ಮೆಮೊರಿ) ಗಾತ್ರವನ್ನು ಇಳಿಸಬೇಕು. ಜಾವಾ ಹೀಪ್‌ನ ಹೊರಗೂ ಮೆಮೊರಿ ಬಳಸುತ್ತದೆ, ಪಕ್ಕದಲ್ಲಿ ಕೌಂಟರ್-ಸ್ಟ್ರೈಕ್ ಬೇರೆ ಇದೆ. ಆದ್ದರಿಂದ 8 ಜಿಬಿಯಲ್ಲಿ 6 ಜಿಬಿಯನ್ನು ಹೀಪ್‌ಗೇ ಕೊಡುವುದು ಅಪಾಯ.

ಡಿಸ್ಕ್ ವಿಷಯಕ್ಕೆ ಬಂದರೆ, ಡಾಕರ್‌ನ ‘ಜೇಸನ್-ಫೈಲ್’ ಎಂಬ ಮೂಲ ಲಾಗ್ ಡ್ರೈವರ್ ಮಿತಿ ಹೇಳದ ಹೊರತು ಹಳೆಯ ಲಾಗನ್ನು ತೆಗೆದು ಹೊಸ ಕಡತ ಆರಂಭಿಸುವುದೇ ಇಲ್ಲ, ಕಡತ ಬೆಳೆಯುತ್ತಲೇ ಹೋಗುತ್ತದೆ. ‘ಮ್ಯಾಕ್ಸ್-ಸೈಜ್’, ‘ಮ್ಯಾಕ್ಸ್-ಫೈಲ್’ ಎರಡನ್ನೂ ನಿಗದಿಪಡಿಸಿ, ಇಲ್ಲವೇ ‘ಲೋಕಲ್’ ಡ್ರೈವರ್‌ಗೆ ಬದಲಿಸಿ. ಅದು ಪ್ರತಿ ಕಂಟೇನರ್‌ಗೆ ಸುಮಾರು 100 ಎಂಬಿಯಲ್ಲಿ ನಿಲ್ಲುತ್ತದೆ. ಈ ಬದಲಾವಣೆ ಅನ್ವಯವಾಗಲು ಕಂಟೇನರನ್ನು ಹೊಸದಾಗಿ ಸೃಷ್ಟಿಸಬೇಕು, ಮರುಚಾಲನೆ ಸಾಲದು. ಓಡುತ್ತಿರುವ ಪ್ರಕ್ರಿಯೆ ತೆರೆದಿಟ್ಟ ಲಾಗ್ ಕಡತವನ್ನು ಅಳಿಸಿದರೆ, ಆ ಪ್ರಕ್ರಿಯೆ ಅದನ್ನು ಬಿಡುವವರೆಗೂ ಜಾಗ ಮರಳಿ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಮೈನ್‌ಕ್ರಾಫ್ಟ್ ತನ್ನ ಹಳೆಯ ಲಾಗ್‌ಗಳನ್ನು ತಾನೇ ಸಂಕುಚಿಸಿ ಇಡುತ್ತದೆ, ಝಡ್‌ಗ್ರೆಪ್ ಬಳಸಿದರೆ ಅವುಗಳನ್ನು ಬಿಚ್ಚದೆಯೇ ಹುಡುಕಬಹುದು.

ಎರಡು ಸರ್ವರ್‌ಗಳಿಗೆ ಇಷ್ಟೇ ಸಾಕೆಂದು ನನ್ನ ಅಭಿಪ್ರಾಯ. ಎಲ್ಲವನ್ನೂ ಒಂದೇ ಕಡೆ ಹುಡುಕಬೇಕೆನಿಸಿದರೆ ಲಾಗ್‌ಗಳನ್ನು ಕೂಡಿಸಿಡುವ ಲೋಕಿ ಬಳಸಿ. ಅದು ಲಾಗ್‌ನ ಪೂರ್ತಿ ಪಠ್ಯವನ್ನಲ್ಲ, ಅದಕ್ಕೆ ಹಚ್ಚಿದ ಲೇಬಲ್‌ಗಳನ್ನು (ಗುರುತುಪಟ್ಟಿಗಳನ್ನು) ಮಾತ್ರ ಸೂಚಿ ಮಾಡುವುದರಿಂದ ಹಗುರವಾಗಿದೆ. ಆದರೆ ಆಟಗಾರರ ಹೆಸರನ್ನು ಲೇಬಲ್ ಮಾಡಬೇಡಿ, ಹೆಸರು ಹೆಚ್ಚಿದಂತೆಲ್ಲ ಅದು ನಿಧಾನವಾಗುತ್ತದೆ. ಇದೇ ಕೆಲಸಕ್ಕೆ ಬಳಸುವ ಇಲಾಸ್ಟಿಕ್‌ಸರ್ಚ್‌ನ ಗೋಜಿಗೆ ಖಂಡಿತ ಹೋಗಬೇಡಿ. ಹಾಗೆಯೇ ಬಿಟ್ಟರೆ ಅದು ಯಂತ್ರದ ಅರ್ಧದಷ್ಟು ಮೆಮೊರಿಯನ್ನು ತನ್ನ ಹೀಪ್‌ಗೆ ತೆಗೆದುಕೊಳ್ಳುತ್ತದೆ, ಆ ಮೆಮೊರಿ ಆಟಕ್ಕೆ ಬೇಕು.

ಉತ್ತರ 3 (ಬೆಳಗಾವಿಯ ಇನ್ನೊಬ್ಬ ಸದಸ್ಯರಿಂದ)

ಮೇಲಿನ ಇಬ್ಬರ ಮಾತೂ ಸರಿ. ಆದರೆ ಕಾವಲು ಕಾಯುವ ತಂತ್ರಾಂಶ ಅದೇ ವಿಪಿಎಸ್‌ನಲ್ಲಿದ್ದರೆ ಯಂತ್ರ ಬಿದ್ದಾಗ ಅದೂ ಜೊತೆಗೇ ಬೀಳುತ್ತದೆ. ಪ್ರೊಮಿಥಿಯಸ್, ಗ್ರಫಾನಾ ಎರಡನ್ನೂ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ. ಬಾಡಿಗೆ ಯಂತ್ರದಲ್ಲಿ ಎಕ್ಸ್‌ಪೋರ್ಟರ್‌ಗಳಷ್ಟೇ ಇರಲಿ. ನೋಡ್ ಎಕ್ಸ್‌ಪೋರ್ಟರ್‌ನ 9100 ಪೋರ್ಟನ್ನು ಅಂತರ್ಜಾಲಕ್ಕೆ ತೆರೆಯಬೇಡಿ, ವೈರ್‌ಗಾರ್ಡ್ ಎಂಬ ವಿಪಿಎನ್‌ನ ಗುಪ್ತ ಸುರಂಗದೊಳಗಿಂದ ಓದಿಸಿ. ಸಂಪರ್ಕವನ್ನು ಮನೆಯ ಕಡೆಯಿಂದಲೇ ಆರಂಭಿಸುವುದರಿಂದ, ನಿಮ್ಮ ಫೈಬರ್ ಸೇವೆ ಸಾರ್ವಜನಿಕ ಐಪಿ ಕೊಡದಿದ್ದರೂ ಇದು ನಡೆಯುತ್ತದೆ.

ಸರ್ವರ್ ಬದುಕಿದೆಯೇ ಎಂದು ನೋಡಲು ಅಪ್‌ಟೈಮ್ ಕುಮಾ ಉಚಿತ, ಟೆಲಿಗ್ರಾಂಗೆ ಸಂದೇಶ ಕಳುಹಿಸುತ್ತದೆ. ಮೈನ್‌ಕ್ರಾಫ್ಟ್ ಜಾವಾ ಟಿಸಿಪಿ 25565ರಲ್ಲಿ ಕೇಳುವುದರಿಂದ ಸಾಮಾನ್ಯ ಪೋರ್ಟ್ ತಪಾಸಣೆ ನಡೆದೀತು. ಕೌಂಟರ್-ಸ್ಟ್ರೈಕ್‌ನ ಆಟವೆಲ್ಲ ಯುಡಿಪಿ 27015ರಲ್ಲಿ ನಡೆಯುತ್ತದೆ, ಅಲ್ಲಿ ಟಿಸಿಪಿ ತಪಾಸಣೆಯಿಂದ ಆಟದ ಸ್ಥಿತಿ ತಿಳಿಯುವುದಿಲ್ಲ. ಕುಮಾದಲ್ಲಿರುವ, ಆಟದ ಸರ್ವರನ್ನೇ ಪ್ರಶ್ನಿಸಿ ನೋಡುವ ಗೇಮ್‌ಡಿಗ್ ಬಗೆಯ ತಪಾಸಣೆಯನ್ನು ಆರಿಸಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಕಡೆ ವಿದ್ಯುತ್ ಹೋಗುವುದು ಹೊಸದಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೊಂದು ಸಣ್ಣ ಯುಪಿಎಸ್ ಕೊಡಿಸಿ. ಹೊರಗಿನ ಇನ್ನೊಂದು ವಿಳಾಸವನ್ನೂ ಕುಮಾ ಪರೀಕ್ಷಿಸುತ್ತಿರಲಿ, ಎರಡೂ ಒಟ್ಟಿಗೆ ಕೆಂಪಾದರೆ ಕೆಟ್ಟಿರುವುದು ಮನೆಯ ಸಂಪರ್ಕ. ಎಂಎಸ್‌ಪಿಟಿ 5 ನಿಮಿಷ ಸತತವಾಗಿ 50ಕ್ಕಿಂತ ಮೇಲಿದ್ದರೆ ಮಾತ್ರ ಎಚ್ಚರಿಕೆ ಬರುವಂತೆ ಮಾಡಿ. ಕ್ಷಣಕ್ಷಣಕ್ಕೂ ಫೋನ್ ಸದ್ದು ಮಾಡಿದರೆ ವಾರದೊಳಗೆ ಯಾರೂ ಅದನ್ನು ನೋಡುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಕರ್ನೆಲ್ ಲಾಗ್‌ನಲ್ಲಿ ಆ ಸಾಲು ನಿಜವಾಗಿಯೂ ಇದೆ, ಹೀಪನ್ನು ಇಳಿಸುತ್ತಿದ್ದೇನೆ. ಇನ್ನೊಂದು ಸಂದೇಹ: ನಮ್ಮ ಆಟಗಾರರಲ್ಲಿ ಹೈಸ್ಕೂಲ್ ಮಕ್ಕಳೂ ಇದ್ದಾರೆ. ಚಾಟ್ ಮತ್ತು ಐಪಿ ವಿಳಾಸಗಳಿರುವ ಲಾಗ್‌ಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಉತ್ತರ 4 (ಬಾಗಲಕೋಟೆಯಿಂದ)

ಆಟಗಾರ ಒಳಬಂದಾಗಲೆಲ್ಲ ಮೈನ್‌ಕ್ರಾಫ್ಟ್ ಅವರ ಐಪಿಯನ್ನು ಬರೆಯುತ್ತದೆ, ಆದ್ದರಿಂದ ಲಾಗ್ ಕಡತಗಳನ್ನು ಸ್ನೇಹಿತರ ಗುಂಪಿನಲ್ಲಾಗಲಿ ಸಹಾಯ ಕೇಳುವ ಜಾಗದಲ್ಲಾಗಲಿ ಹಾಗೆಯೇ ಹಾಕಬೇಡಿ. ಸೇವಾದಾತರು ಮತ್ತು ಕಂಪನಿಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಮುಂದೆ ಹಣ ಪಡೆದು ಸರ್ವರ್ ನಡೆಸುವ ಯೋಚನೆಯಿದ್ದರೆ ಅದನ್ನು ಓದಿಕೊಂಡು, ತಿಳಿದವರ ಸಲಹೆ ಪಡೆಯಿರಿ. ಒಳಬಂದ, ಹೊರಹೋದ ಸಾಲುಗಳನ್ನೂ ನಿರ್ವಾಹಕರ ಆದೇಶಗಳನ್ನೂ ಉಳಿಸಿ. ಚಾಟ್ ಸಾಲುಗಳು ಲೋಕಿಗೆ ಹೋಗುವ ಮೊದಲೇ ಲಾಗ್‌ಗಳನ್ನು ಲೋಕಿಗೆ ಸಾಗಿಸುವ ಅಲಾಯ್ ತಂತ್ರಾಂಶದಲ್ಲಿ ಅವುಗಳನ್ನು ಸೋಸಿ ತೆಗೆದುಬಿಡಿ. ಹಳೆಯ ಬರಹಗಳು ಇದಕ್ಕೆ ಪ್ರೋಮ್‌ಟೇಲ್ ಹೇಳುತ್ತವೆ, ಗ್ರಫಾನಾ ಸಂಸ್ಥೆ ಈಗ ಅದರ ಬದಲು ಅಲಾಯ್ ಬಳಸಲು ಹೇಳುತ್ತದೆ.

ನಿಮ್ಮದು ಹಳೆಯ ಆವೃತ್ತಿಯ ಸರ್ವರ್ ಆಗಿದ್ದರೆ ಇದನ್ನು ಮುಂದೂಡಬೇಡಿ: 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಶೆಲ್ ದೋಷದಲ್ಲಿ ಚಾಟ್‌ನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು, ಅದನ್ನು ಲಾಗ್‌ಗೆ ಬರೆಯುವಾಗಲೇ ಹೊರಗಿನವರ ಕೋಡ್ ಸರ್ವರ್‌ನಲ್ಲಿ ಓಡುತ್ತಿತ್ತು. ಮೈನ್‌ಕ್ರಾಫ್ಟ್ 1.18.1ರಲ್ಲಿ ಅದನ್ನು ಸರಿಪಡಿಸಲಾಯಿತು. ಅದಕ್ಕಿಂತ ಹಿಂದಿನದನ್ನು ಓಡಿಸುತ್ತಿದ್ದರೆ, ಗ್ರಾಫ್‌ಗಳ ಕೆಲಸಕ್ಕೆ ಕೈ ಹಾಕುವ ಮೊದಲು ಅದನ್ನು ಮೇಲ್ದರ್ಜೆಗೇರಿಸಿ, ಇಲ್ಲವೇ ಆ ಆವೃತ್ತಿಗೆ ಹೇಳಿರುವ ಪರಿಹಾರವನ್ನು ಹಾಕಿ.