ರೆಸಿನ್ 4 ದಿನ ಆದ್ರೂ ಅಂಟು ಬಿಡ್ತಿಲ್ಲ, ವರಮಾಲೆ ಆರ್ಡರ್, ದಯವಿಟ್ಟು ಯಾರಾದ್ರೂ ಹೇಳಿ

ಹೂವಿನಮನೆ (ಚಿಕ್ಕಬಳ್ಳಾಪುರ)
ಮದುವೆ ಹಾರದ ಗುಲಾಬಿ ಎಸಳು, ಸುಗಂಧರಾಜ, 10 ಇಂಚಿನ ರೌಂಡ್ ಮೋಲ್ಡಲ್ಲಿಟ್ಟು ರೆಸಿನ್ (ಹಾರ್ಡ್ನರ್ ಅನ್ನೋ ಇನ್ನೊಂದು ದ್ರವ ಕಲಸಿ ಸುರಿದ್ರೆ ಗಾಜಿನ ಥರ ಗಟ್ಟಿ ಆಗೋದು) ಸುರಿದಿದ್ದೆ. ಹೂ ಸಿಲಿಕಾ ಜೆಲ್‌ನಲ್ಲಿ ಒಂದ್ ವಾರ ಇಟ್ಟು ಗರಿಗರಿ ಒಣಗಿಸಿದ್ದೆ, ಅಳತೆನೂ ಸರಿಯಾಗೇ ಮಾಡಿದ್ದೀನಿ, ಆದ್ರೂ ಬೆರಳು ಇಟ್ರೆ ಗೆರೆ ಸಮೇತ ಅಚ್ಚು ಬೀಳ್ತಿದೆ. ಆ ಹಾರ ಮತ್ತೆ ಎಲ್ಲಿಂದ ತರ್ಲಿ, ಮದುವೆ ಮುಗಿದೋಯ್ತು. ಮೇಲೆ ಸ್ವಲ್ಪ ಹಾರ್ಡ್ನರ್ ಸವರಿದ್ರೆ ಗಟ್ಟಿ ಆಗುತ್ತಾ?

ಬೆಟ್ಟದತಪ್ಪಲು
ಹಾರ್ಡ್ನರ್ ಸವರ್ಬೇಡಿ ಅಕ್ಕ, ಇನ್ನೂ ಕೆಡುತ್ತೆ. ಇದು ಚಳಿ ಕಣ್ರೀ. ನಂದಿ ಬೆಟ್ಟದ ಕಡೆ ಡಿಸೆಂಬರ್ ಗಾಳಿ ಗೊತ್ತಲ್ಲ, ರೂಮು 20 ಡಿಗ್ರಿಗಿಂತ ಕೆಳಗಿಳಿದ್ರೆ ರೆಸಿನ್ ಸೋಮಾರಿ ಆಗ್ಬಿಡುತ್ತೆ. ಬೆಚ್ಚಗಿಡಿ.

ಕೋಲಾರ_ಕೈಕೆಲಸ
ಚಳಿಗೆ ನಿಧಾನ ಆಗುತ್ತೆ ನಿಜ, ಆದ್ರೆ 4 ದಿನ? ಪೂರ್ತಿ ಅಂಟಾ, ಅಲ್ಲಲ್ಲಿ ಅಂಟಾ? ತೂಕದಲ್ಲಿ ಅಳೆದ್ರಾ, ಕಪ್ಪಲ್ಲಾ?

ಬೆಟ್ಟದತಪ್ಪಲು
ಚಳಿನೇ. ನಾನು ಪ್ಲೈವುಡ್ ಪೆಟ್ಟಿಗೆ ಮಾಡಿ ಒಳಗೆ 60 ವ್ಯಾಟ್ ಬಲ್ಬ್ ಹಾಕಿದೀನಿ, ಮೂರು ವರ್ಷದಿಂದ ಒಂದ್ ಪೀಸೂ ಅಂಟಿಲ್ಲ.

ತೆಂಗಿನಚಿಪ್ಪು (ತುಮಕೂರು)
ಬಲ್ಬ್ ಒಂದೇ ಕಡೆ ಬಿಸಿ ಮಾಡುತ್ತೆ ಅಣ್ಣ, ದೊಡ್ಡ ಪೀಸಿಗೆ ಅದು ಸರಿಯಲ್ಲ. ನಾನು ಪ್ರೆಷರ್ ಪಾಟ್ (ಗಾಳಿ ಒತ್ತಡದಲ್ಲಿ ಗುಳ್ಳೆ ಕುಗ್ಗಿಸೋ ಪಾತ್ರೆ) ತಗೊಂಡ್ಮೇಲೆ ಚಿಪ್ಪಿನ ಬಟ್ಟಲಲ್ಲಿ ಒಂದ್ ಗುಳ್ಳೆ ಕಾಣಲ್ಲ. ಅಳತೆ ನಾನೂ ಕಪ್ಪಲ್ಲೇ ಮಾಡೋದು, ಏನೂ ಆಗಿಲ್ಲ.

ಬೆಟ್ಟದತಪ್ಪಲು
ಗುಳ್ಳೆ ಬೇರೆ, ಅಂಟು ಬೇರೆ. ಪಾಟಿಂದ ಅಂಟು ಹೋಗಲ್ಲ.

ಹೂವಿನಮನೆ
ಮೇಲೆಲ್ಲಾ ಒಂದೇ ಥರ ಅಂಟು. ಕೆಳಗಿನ ಲೇಯರ್ ಕಲ್ಲಾಗಿದೆ. ಅದನ್ನ ನಮ್ಮಣ್ಣನ ಅಂಗಡಿ ತಕ್ಕಡಿ ತಂದು ತೂಗಿದ್ದೆ, ಮೇಲಿನ 3 ಎಂಎಂ ಸುರಿಯೋ ಹೊತ್ತಿಗೆ ತಕ್ಕಡಿ ವಾಪಸ್ ಕೊಟ್ಟಿದ್ದೆ, ಔಷಧಿ ಕಪ್ಪಲ್ಲಿ ಅಳೆದೆ. ಎರಡ್ ಸಲನೂ 2:1 ತಾನೆ, ರೆಸಿನ್ ಎರಡು ಪಾಲು, ಹಾರ್ಡ್ನರ್ ಒಂದು?

ಕೋಲಾರ_ಕೈಕೆಲಸ
ಅಲ್ಲೇ ಆಗಿರೋದು ಅಕ್ಕ, ಇದನ್ನ ಮೊದಲೇ ಹೇಳಿದ್ರೆ! ಎರಡು ಲೇಯರೂ ಅದೇ ಚಳೀಲಿ ಸುರಿದಿರೋದಲ್ವಾ. ಬಾಟ್ಲಿ ಮೇಲೆ 2:1 ತೂಕದಲ್ಲಿ ಅಂತ ಇದ್ಯಾ ನೋಡಿ. ರೆಸಿನ್ ಭಾರ, ಹಾರ್ಡ್ನರ್ ಹಗುರ. 100 ಎಂಎಲ್ ರೆಸಿನ್ ಸುಮಾರು 115 ಗ್ರಾಂ ಬಂದ್ರೆ 50 ಎಂಎಲ್ ಹಾರ್ಡ್ನರ್ 48ರ ಆಸುಪಾಸು, ಬೇಕಾಗಿದ್ದು 57. ಅಷ್ಟು ಕಮ್ಮಿ ಬಿದ್ರೆ ಎಷ್ಟು ದಿನ ಇಟ್ರೂ ಗಟ್ಟಿ ಆಗಲ್ಲ. ಚಿಪ್ಪಣ್ಣ, ನಿಮ್ ಕಿಟ್ ಕಪ್ ಅಳತೆದೇ ಇರುತ್ತೆ, ಅದಕ್ಕೆ ಸರಿಹೋಗಿದೆ.

ಆ ಮೇಲಿನ ಲೇಯರ್ ಪ್ಲಾಸ್ಟಿಕ್ ಪಟ್ಟಿಲಿ ಕೆರೆದು ತೆಗೀರಿ, ಗ್ಲೌಸ್ ಹಾಕ್ಕೊಂಡು, ಕಿಟಕಿ ತೆಗೆದು. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ. ಗಟ್ಟಿ ಭಾಗದ ಮೇಲೆ ಸ್ಯಾಂಡ್‌ಪೇಪರ್‌ನಲ್ಲಿ ಹಗುರಾಗಿ ಉಜ್ಜಿ, ಧೂಳು ಒರೆಸಿ. ಆಮೇಲೆ ತೂಕ ಮಾಡಿ ಕಲಸಿ, 4 ನಿಮಿಷ ನಿಧಾನಕ್ಕೆ, ಅಂಚು ತಳ ಎಲ್ಲಾ ಕೆರೆದು ಬೇರೆ ಕಪ್ಪಿಗೆ ಹಾಕಿ ಇನ್ನೊಂದ್ಸಲ ಕಲಸಿ ಸುರೀರಿ.

ಹೂವಿನಮನೆ
ಇದೆ, ಸಣ್ಣಕ್ಷರದಲ್ಲಿ, ತೂಕ ಅಂತಾನೇ ಇದೆ. ಪಟ್ಟಿ ಹಾಕಿದ್ರೆ ಎಳೆಪಾಕದ ಥರ ಎಳೆ ಎಳೆ ಬರ್ತಿದೆ. ಮೇಲೆದ್ದಿದ್ದ ಒಂದು ಎಸಳಿನ ತುದಿ ಕಿತ್ಕೊಂಡು ಬಂತು, ಕೈ ನಡುಗ್ತಿದೆ.

ಬೆಟ್ಟದತಪ್ಪಲು
ಸುರಿದ್ಮೇಲೆ ಬೆಚ್ಚಗಿಡೋದು ಮರೀಬೇಡಿ ಅಕ್ಕ.

ಹೂವಿನಮನೆ (2 ದಿನದ ನಂತರ)
ಅಂಟ್ತಿಲ್ಲ! ಉಗುರು ಒತ್ತಿದ್ರೂ ಗುರುತು ಬೀಳ್ತಿಲ್ಲ. ಕೋಲಾರದಣ್ಣ, ತುಂಬಾ ಥ್ಯಾಂಕ್ಸ್. ತಕ್ಕಡಿ ಒಂದು ನಾನೇ ತಗೊಂಡೆ.

ಹೊಸಬ್ಳು_23
ನಂದು ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿ ಆಗೋದು) ಕೀಚೈನ್, ಅದೂ ಮೇಲೆ ಅಂಟು, ಆದ್ರೆ ಅದಕ್ಕೆ ಹಾರ್ಡ್ನರೇ ಇಲ್ವಲ್ಲ, ನಾನೇನ್ ಮಾಡ್ಲಿ?